ತಿದ್ದುಪಡಿ

ಮೊಳಿಯೊಳಗ ಎಡ ಅಂಬೂದು ಬಲಕ್ಕಿರತೈತಿ.
ಇದನ್ನ ಮೊದಲ ಹೇಳಿಬಿಡತೀನಿ, ಮುಂದ ಬೇಕಾಗತೈತಿ.

ಬಾಗಲಕೋಟಿ, ಕಿಲ್ಲಾ ಓಣಿ ಹಿಂದ. ಈಗ ಅಲ್ಲೆ
ಹಿನ್ನೀರು ನಿಂತು ಮೀನಾ ಹಿಡಿಯೋರು ಹರಗೋಲು ತರತಾರ.
ಆಗ ಅಲ್ಲೆ ತಮ್ಮಣ್ಣರಾಯರ ಛಾಪಖಾನಿ.
ವಾರಕ್ಕೊಮ್ಮೆ ಪತ್ರಿಕೆ, ನಾಕು ಪುಟ, ಮುನ್ನೂರು ಪ್ರತಿ.
ನಾನು ಮಾಬುಸಾಬ, ಮೊಳಿ ಜೋಡಸಾಂವ, ಹತ್ತೊಂಬತ್ತು ವರ್ಷ,
ಬೆರಳತುದಿ ಯಾವತ್ತೂ ಕರ್ರಗ.

ಆ ವರ್ಷ ಊರೆಲ್ಲ ಒಂದ ಮಾತು: ಜೀತ.
ಮುಂಬೈ ಕೌನ್ಸಿಲಿನ್ಯಾಗ ಯಾರೋ ಎದ್ದು ಕೇಳಿದ್ರಂತ,
ರಾಯರು ಇಲ್ಲಿ ಹಿಡಕೊಂಡ್ರು.
"ಹೊಲ ಅಡವಿಡಬಹುದು, ಎತ್ತು ಅಡವಿಡಬಹುದು.
ಇನ್ನೂ ಹುಟ್ಟದ ಮಗನನ್ನು ಅಡವಿಡಲು ನೀವು ಯಾರು?"
ಮೊದಲನೇ ಪುಟ, ದಪ್ಪಕ್ಷರ.
ಜೋಡಸುವಾಗ ಕೈ ನಡುಗಿತ್ತು, ಖುಷಿಗೆ.

ಮೂರನೇ ಪುಟದಾಗ ಉತ್ತರ ಬಂತು, ವಕೀಲರೊಬ್ಬರದು:
"ಇದು ಕರಾರು. ಗುಲಾಮಗಿರಿ ಅನ್ನಬೇಡಿರಿ.
ಕೂಳು ಹಾಕುತ್ತೇವೆ, ಅರಿವೆ ಕೊಡುತ್ತೇವೆ, ಲಗ್ನ ಮಾಡಿಸುತ್ತೇವೆ."
ಮರುವಾರ ಇನ್ನೊಬ್ಬರು: "ಬಿಟ್ಟರೆ ಅವರು ಎಲ್ಲಿಗೆ ಹೋದಾರು?"
ಹೊಳ್ಳಿ ರಾಯರು. ಹೊಳ್ಳಿ ವಕೀಲರು.
ಚಹಾದಂಗಡ್ಯಾಗ ಒಬ್ಬಾವ ಓದಾಂವ, ಹತ್ತು ಮಂದಿ ಜಗಳಾಡೋರು.
ನನ್ನ ಕೇಸಿನ್ಯಾಗ 'ಜೀ' ಸಾಲದ ಹೋದುವು,
ಧಾರವಾಡದಿಂದ ಅರ್ಧ ಸೇರು ತರಿಸಿದ್ವಿ.

ಜೀತದವರ ಕಾಗದ ಒಂದೂ ಬರಲಿಲ್ಲ.
ಅವರೊಳಗಿನ ಒಂದು ಹೆಸರು ಮೊದಲ ಸಲ ಕಂಡದ್ದು
ನಾಕನೇ ಪುಟದಾಗ, ಹಲ್ಲಿನಪುಡಿ ಜಾಹೀರಾತಿನ ಮಗ್ಗಲಕ್ಕ:

"ಫಕೀರ್ಯಾ. ವಯಸ್ಸು ಇಪ್ಪತ್ತೆರಡು. ಎಡಗಿವಿ ಹರಿದಿದೆ.
ಸಾಲ ತೀರಿಸದೆ ನಮ್ಮ ವಾಡೆಯಿಂದ ಓಡಿಹೋಗಿದ್ದಾನೆ.
ಸೊಲ್ಲಾಪುರದ ಗಿರಣಿ ಕಡೆ ಹೋಗಿರುವ ಸಂಶಯ.
ಹಿಡಿದು ತಂದವರಿಗೆ ಹದಿನೈದು ರೂಪಾಯಿ."

ರಾಯರ ಕಡೆ ನೋಡಿದೆ. ಅವರು ಚಾಳೀಸು ಒರಸತಿದ್ರು.
"ಕಾಗದದ ಬಾಕಿ ಐತಪಾ. ದೇಸಾಯರು ರೊಕ್ಕ ಮುಂಗಡ ಕೊಟ್ಟಾರ.
ಪತ್ರಿಕೆ ನಿಂತ್ರ ಅಗ್ರಲೇಖ ಎಲ್ಲೆ ಬರೀಲಿ?"
ಸುಳ್ಳಲ್ಲ ಅದು.
ನನ್ನ ಚೀಟಿನೂ ಅವರ ಟ್ರಂಕಿನ್ಯಾಗ ಇತ್ತು:
ಅಕ್ಕನ ನಿಕಾಕ್ಕ ತಗೊಂಡ ನಲವತ್ತು,
ತೀರೋತನಕ ಬ್ಯಾರೆ ಛಾಪಖಾನಿ ಮೆಟ್ಟಲಾ ಹತ್ತಂಗಿಲ್ಲಂತ ಸಹಿ.
ಅದಕ್ಕೇನು ಹೆಸರಂತ ಯಾವ ಪುಟದಾಗೂ ಬರಲಿಲ್ಲ.
ನಾನೂ ಕೇಳಲಿಲ್ಲ.

ರಾತ್ರಿ ಕಂದೀಲು ಹಚ್ಚಿ ಕುಂತೆ.
ಹೋದ ವಾರದ ಅಗ್ರಲೇಖ ಬಿಚ್ಚಿದ ಮೊಳಿ, ಅದ ಸೀಸ,
ಅದರಿಂದನ ಫಕೀರ್ಯಾನ್ನ ಕಟ್ಟಬೇಕಿತ್ತು.
ಎ ತಗದೆ. ಡ ತಗದೆ.
ಬ ಇಟ್ಟೆ. ಲ ಇಟ್ಟೆ.
ಪುಟಾ ಬಿಗದೆ.

ಮರುವಾರ ದೇಸಾಯರ ಕಾರಕೂನ ಬಂದು ಚೀರಾಡಿದ.
ಎರಡೂ ಕಿವಿ ನೆಟ್ಟಗಿದ್ದವರು, ಬಲಗಿವಿ ಹರದವರು,
ಯಾರ್ಯಾರನ್ನೋ ಹಿಡದು ತಂದು ಮಂದಿ ರೂಪಾಯಿ ಕೇಳಾಕ ಹತ್ಯಾರಂತ.
ನಾ ಅಂದೆ: "ಮೊಳಿ ಉಲ್ಟಾ ಇರತಾವ್ರಿ, ಎಡ ಹೋಗಿ ಬಲ ಆತು."
ರಾಯರು ನನ್ನ ನೋಡಿದ್ರು,
ಮೂವತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು.
"ತಿದ್ದುಪಡಿ ಹಾಕಪಾ."
"'ಎ' ಸವದಾವ್ರಿ. ಒಂದೂ ಉಳದಿಲ್ಲ."
ಎಲ್ಲಾ ನನ್ನ ಅಂಗಿ ಕಿಸೆದಾಗಿದ್ವು, ತೊಡಿಗೆ ಚುಚ್ಚತಿದ್ವು.

ರಾಯರು ಕಾರಕೂನನ ಕಡೆ ಹೊಳ್ಳಿದ್ರು:
"ಧಾರವಾಡದಿಂದ ಬರಬೇಕು. ಬಂದಕೂಡ್ಲೆ ಹಾಕತೇವಿ."
ಅಂದು ಒಳಗ ಹೋಗಿ ಬಾಗಲಾ ಮುಂದ ಮಾಡಿದ್ರು.

ಆ ವಾರದ ಅಗ್ರಲೇಖ ಎರಡೂವರಿ ಕಾಲಮ್ಮು. ನಾ ಎಣಿಸೀನಿ.
'ಎಂದು' ಇಲ್ಲ, 'ಎಲ್ಲರೂ' ಇಲ್ಲ, 'ಎತ್ತು' ಇಲ್ಲ,
'ಎ' ಬೇಕಾಗೋ ಒಂದ ಮಾತೂ ರಾಯರು ಬರದಿರಲಿಲ್ಲ.

ಹನ್ನೆರಡು ವರ್ಷದ ಮ್ಯಾಲ ಸೊಲ್ಲಾಪುರ ಗಾಡಿಯೊಳಗ
ಒಬ್ಬಾವ ಎದುರಿಗೆ ಕುಂತಿದ್ದ, ರೆಪ್ಪಿ ಮ್ಯಾಲ ಗಿರಣಿ ಹತ್ತಿ.
ಹಳೇ ಪತ್ರಿಕೆಯೊಳಗ ಸುತ್ತಿದ ರೊಟ್ಟಿ ಬಿಚ್ಚಿ
ಅರ್ಧ ನನಗ ಕೊಟ್ಟ.
ಬ್ಯಾಸಗಿ ದಿನ. ಎರಡೂ ಕಿವಿ ಮುಚ್ಚೂವಂಗ
ರುಮಾಲು ಸುತ್ತಿದ್ದ.

ಹೆಸರು ಕೇಳಲಿಲ್ಲ ನಾ.